ಕಾಮಣಿ ಔಷಧದ ಎರಡನೆಯ ಎಲೆ

ಆ ಬುಧವಾರ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಏಕಸಂಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮುಸಲ್ಮಾನ ಹಿರಿಯರೊಬ್ಬರು ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಹುಡುಗಿಯ ಕಣ್ಣು ಹಳದಿಯಾಗಿದ್ದವು. ಅತ್ತೆ ಅವಳ ಕೆಳರೆಪ್ಪೆ ಜಗ್ಗಿ ನೋಡಿದರು, ಉಗುರು ಒತ್ತಿ ನೋಡಿದರು.

"ಕಾಮಣಿನ ಐತಿ. ನಾಳೆ ಬೆಳಕು ಹರಿಯೂದರಾಗ ಬರ್ರಿ. ಹೊಟ್ಯಾಗ ಏನೂ ಇರಬಾರದು, ಚಹಾ ಸೈತ."

"ಚಹಾ ಬಿಟ್ಟ ಇರಾಕಿ ಅಲ್ರಿ ಅಮ್ಮಾ ಇಕಿ," ಎಂದರು ಹಿರಿಯರು.

"ಹಂಗಾರ ಕಾಮಣಿನ ಇಟ್ಕೊಳ್ಳಲಿ, ಚಹಾಕ್ಕ ಜೋಡಿ ಆಕ್ಕೇತಿ."

ಹುಡುಗಿ ಸೆರಗು ಬಾಯಿಗಿಟ್ಟು ನಕ್ಕಳು. ಅವರು ಹೋದ ಮೇಲೆ ಅತ್ತೆ ತಮ್ಮ ಮೊಣಕಾಲು ನೋವಿನ ಗುಳಿಗೆ ಕೇಳಿದರು. ಚಿಕ್ಕೋಡಿಯ ಡಾಕ್ಟರರು ಬರೆದುಕೊಟ್ಟದ್ದು. ನನ್ನ ಮಗಳು ನೀರು ತಂದುಕೊಡುತ್ತ, "ಅಜ್ಜಿ, ಊರಿಗೆಲ್ಲ ತೊಪ್ಪಲ ಅರದ ಕುಡಸ್ತಿ, ನಿನಗ ಮಾತ್ರ ಗುಳಿಗಿ?" ಎಂದು ಕಾಡಿದಳು.

"ಮೊಣಕಾಲಿನ ತೊಪ್ಪಲ ಬ್ಯಾರೆಯವರ ಮನ್ಯಾಗ ಐತಿ. ನನಗೇನ ಹೇಳ್ಯಾರ ಅವರು?" ಎಂದರು ಅತ್ತೆ. ಗುಳಿಗೆ ನುಂಗಿ, ಮತ್ತೆ ಶೇಂಗಾ ಸುಲಿಯಲು ಕುಳಿತರು. ರಾತ್ರಿ ನನ್ನ ಕಡೆ ಊಟ ಮಾಡಿದರು. ಪಲ್ಯಕ್ಕೆ ಉಪ್ಪು ಕಡಿಮೆ ಎಂದರು.

ಮರುದಿನ ಬೆಳಿಗ್ಗೆ ಏಕಸಂಬಿಯವರು ಬಂದು ಕಟ್ಟೆಯ ಮೇಲೆ ಕುಳಿತಾಗ ಅತ್ತೆ ಇನ್ನೂ ಎದ್ದಿರಲಿಲ್ಲ. ಎಬ್ಬಿಸಲು ಹೋದೆ. ಕಣ್ಣು ತೆರೆದಿದ್ದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿಯೂ ಬಿದ್ದು ಮಾತು ನಿಂತಿತ್ತು.

ನಮ್ಮದು ರಾಯಬಾಗ ಹತ್ತಿರದ ಒಂದು ಹಳ್ಳಿ. ಒಂದೇ ಅಂಗಳ, ಎರಡು ಒಲೆ. ಒಂದು ಕಡೆ ನಾನು, ನನ್ನ ಗಂಡ, ಮಗಳು. ಇನ್ನೊಂದು ಕಡೆ ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಅತ್ತೆ ನಡುವಿನ ಪಡಸಾಲೆಯಲ್ಲಿ ಇರುತ್ತಿದ್ದರು. ಎರಡೂ ಕಡೆ ಉಣ್ಣುತ್ತಿದ್ದರು.

ಕಾಮಣಿಗೆ ಅತ್ತೆ ಕೊಡುತ್ತಿದ್ದ ಔಷಧ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ರವಿವಾರ ಮತ್ತು ಗುರುವಾರ ಮಾತ್ರ ಕೊಡುವುದು. ಎರಡು ತರದ ಎಲೆ ಅರೆದು ಮಜ್ಜಿಗೆಯಲ್ಲಿ ಕಲಸುತ್ತಿದ್ದರು. ಒಂದು ನೆಲನೆಲ್ಲಿ, ಅದನ್ನು ನಾವೇ ಹಿತ್ತಲಿನಿಂದ ಕಿತ್ತು ತೊಳೆದುಕೊಡುತ್ತಿದ್ದೆವು. ಎರಡನೆಯದನ್ನು ಅವರೇ ಯಾರೂ ಏಳುವ ಮೊದಲು ಹೊಲದ ಕಡೆ ಹೋಗಿ ಸೆರಗಿನಲ್ಲಿ ಮುಚ್ಚಿ ತರುತ್ತಿದ್ದರು. ತರುವಾಗ ಯಾರ ಜೊತೆಗೂ ಮಾತಾಡುವಂತಿಲ್ಲ. ಒಮ್ಮೆ, ಮದುವೆಯಾದ ಹೊಸದರಲ್ಲಿ, ನಾನು ಹಿಂದೆ ಹಿಂದೆಯೇ ಹೋದೆ. ಅವರು ಕಬ್ಬಿನ ಮರೆಗೆ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಕಡೆ ತಿರುಗಿ ಹೇಳಿದರು: "ಬಯಲಕಡಿಗೆ ಬಂದೀನಿ. ಅದನ್ನೂ ನೋಡ್ತೀಯೇನ್ಬೇ?" ನಾನು ಓಡಿಬಂದೆ. ಆವತ್ತು ಅವರು ಮಾತಾಡಿಬಿಟ್ಟಿದ್ದರಿಂದ ಬಂದವರಿಗೆ ಔಷಧ ಕೊಡಲಿಲ್ಲ.

ಅವರಿಗೆ ಇದನ್ನು ಹೇಳಿಕೊಟ್ಟವರು ಅವರ ಅತ್ತೆ. ಅದಕ್ಕೊಂದು ಕಟ್ಟು ಇತ್ತು. ಒಬ್ಬರಿಗೆ ಮಾತ್ರ ಹೇಳಬೇಕು. ಹೇಳಿದ ದಿನದಿಂದ ಹೇಳಿದವರ ಕೈಗುಣ ಹೋಗುತ್ತದೆ, ಅವರು ಕೊಟ್ಟರೆ ಔಷಧ ನಡೆಯುವುದಿಲ್ಲ. ಹೇಳಿಸಿಕೊಂಡವರು, ಹಿಂದಿನವರು ಸತ್ತು ವರ್ಷ ತುಂಬುವವರೆಗೆ, ಯಾರು ಕೇಳಿದರೂ ತನಗೆ ಗೊತ್ತಿಲ್ಲ ಎನ್ನಬೇಕು. ಇದಿಷ್ಟನ್ನು ಅತ್ತೆ ನಮ್ಮಿಬ್ಬರ ಎದುರಿಗೇ ಹೇಳಿದ್ದರು. ಸೊಸೆಯರು ಇಬ್ಬರು, ಹೇಳಬೇಕಾದದ್ದು ಒಬ್ಬಳಿಗೆ. ಯಾರಿಗೆ ಎಂದು ಅವರು ಯಾವತ್ತೂ ಬಾಯಿ ಬಿಡಲಿಲ್ಲ. ನಾನು ಹಿರಿಯಳು, ಅವರ ಜೊತೆ ಹೆಚ್ಚು ವರ್ಷ ಬಾಳಿದವಳು, ನನಗೇ ಹೇಳುತ್ತಾರೆ ಎಂದು ನಂಬಿದ್ದೆ.

ಅತ್ತೆ ಚಿಕ್ಕೋಡಿಯ ದವಾಖಾನೆಯಲ್ಲಿ ಕೆಲವು ದಿನ ಇದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರರು ಹೇಳಿದರು. ಒಂದು ಮಧ್ಯಾಹ್ನ ನಾನು ಸ್ನಾನಕ್ಕೆಂದು ಊರಿಗೆ ಬಂದಿದ್ದೆ, ನೆಗೆಣ್ಣಿ ಒಬ್ಬಳೇ ಅವರ ಹತ್ತಿರ ಇದ್ದಳು. ತಿರುಗಿ ಹೋದಾಗ ಅತ್ತೆಯ ಎಡಗೈ ಅವಳ ಕೈ ಹಿಡಿದಿತ್ತು. ನನ್ನನ್ನು ಕಂಡು ಅವಳು ಕೈ ಬಿಡಿಸಿಕೊಂಡು ಎದ್ದಳು.

"ಏನರ ಅಂದ್ರೇನು?" ಎಂದು ಕೇಳಿದೆ.

"ಏನಂತಾರಕ್ಕಾ, ಬಾಯಿ ಎಲ್ಲೈತಿ ಅವರಿಗೆ."

ಸರಿಯಾದ ಉತ್ತರವೇ. ಆದರೆ ಬಹಳ ಬೇಗ ಕೊಟ್ಟಳು ಎನಿಸಿತು. ಅತ್ತೆ ತೀರಿಕೊಂಡದ್ದು ಮಾರನೆಯ ದಿನ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ನಾನು ಲೆಕ್ಕ ಹಾಕುತ್ತಿದ್ದೆ. ಉಗಾರ ಬುದ್ರುಕದ ಒಬ್ಬ ರೈತನ ನೆನಪಾಯಿತು. ಅತ್ತೆ ತೀರಿಕೊಳ್ಳುವುದಕ್ಕಿಂತ ಸ್ವಲ್ಪ ಮೊದಲು ಅವನು ಔಷಧ ತೆಗೆದುಕೊಂಡು ಹೋಗಿ, ಕಣ್ಣಿನ ಹಳದಿ ಹೋಗಲಿಲ್ಲವೆಂದು ತಿರುಗಿ ಬಂದಿದ್ದ. ಪಥ್ಯ ಮುರಿದಿದ್ದೀಯ ಎಂದು ಅತ್ತೆ ಬೈದಿದ್ದರು. ಮುರಿದಿಲ್ಲ ಎಂದು ಅವನು ಆಣೆ ಮಾಡಿದ್ದ. ಅವನ ಆಣೆ ನಿಜವಾಗಿದ್ದರೆ ಅತ್ತೆಯ ಕೈಗುಣ ಆಗಲೇ ಹೋಗಿತ್ತು. ಕೈಗುಣ ಹೋಗಿದ್ದರೆ ಅವರು ಆಗಲೇ ಯಾರಿಗೋ ಹೇಳಿಬಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಅಂದ ಮೇಲೆ ಉಳಿದವಳು ಒಬ್ಬಳೇ.

ಅದರ ನಂತರ ಅವಳು ಏನು ಮಾಡಿದರೂ ನನಗೆ ಬೇರೆಯಾಗಿ ಕಾಣತೊಡಗಿತು. ಹಿತ್ತಲಿಗೆ ಹೋದರೆ ಎಷ್ಟು ಹೊತ್ತಿಗೆ ಬರುತ್ತಾಳೆಂದು ನೋಡುತ್ತಿದ್ದೆ. ಸೊಪ್ಪು ತಂದರೆ ಬುಟ್ಟಿಯಲ್ಲಿ ಇಣುಕುತ್ತಿದ್ದೆ. ಒಂದು ರವಿವಾರ ಬೆಳಗಾಗುವ ಮೊದಲು ಅವಳ ಕಡೆಯಿಂದ ಒರಳುಕಲ್ಲಿನ ಸಪ್ಪಳ ಬಂತು. ಕದ ತೆರೆದು ಅಂಗಳಕ್ಕೆ ಬಂದೆ. ಬಳ್ಳೊಳ್ಳಿ ವಾಸನೆ ಬರುತ್ತಿತ್ತು. ಎಲೆಯ ವಾಸನೆ ಮುಚ್ಚಲು ಬೇಕಂತಲೇ ಬಳ್ಳೊಳ್ಳಿ ಅರೆಯುತ್ತಿದ್ದಾಳೆ ಎಂದುಕೊಂಡು ಒಳಗೆ ಹೋದೆ.

ಔಷಧಕ್ಕೆ ಜನ ಬರುತ್ತಲೇ ಇದ್ದರು. ನಿಪ್ಪಾಣಿ ಕಡೆಯಿಂದ ಬಂದ ಒಬ್ಬ ಮರಾಠಿ ಹೆಣ್ಣುಮಗಳು ಆಯಿ ಎಲ್ಲಿ ಎಂದು ಕೇಳಿ, ಇಲ್ಲ ಎಂದಾಗ ಕಟ್ಟೆಯ ಮೇಲೆ ಕುಳಿತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಸೊಸಿಗೆ ಹೇಳಿರಬೇಕಲ್ಲ?" ಎಂದಳು. ನಾನು ನೆಗೆಣ್ಣಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಇಬ್ಬರೂ ಗೊತ್ತಿಲ್ಲ ಎಂದೆವು.

ಮಳೆಗಾಲದ ಕೊನೆಗೆ ನನ್ನ ಮಗಳಿಗೆ ಕಾಮಣಿ ಆಯಿತು.

ಮೊದಲು ಊಟ ಸೇರದಾಯಿತು, ಆಮೇಲೆ ವಾಂತಿ, ಆಮೇಲೆ ಕಣ್ಣು. ಚಿಕ್ಕೋಡಿಗೆ ಕರೆದುಕೊಂಡು ಹೋದೆವು. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿದರು. ನೀರಿನಿಂದ ಬಂದದ್ದು, ನೀರು ಕುದಿಸಿ ಕುಡಿಸಿ, ಮಲಗಿಸಿ, ಇದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ ಎಂದರು. "ಯಾವ ನಾಟಿ ಔಷಧನೂ ಕೊಡಬ್ಯಾಡ್ರಿ ಮತ್ತ," ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಮನೆಗೆ ಬಂದವಳೇ ಅಂಗಳ ದಾಟಿ ನೆಗೆಣ್ಣಿಯ ಬಾಗಿಲಿಗೆ ಹೋದೆ.

"ತಂಗಿ, ನಿನಗ ಗೊತ್ತಿದ್ರ ಹೇಳು. ಕಟ್ಟು ಮುರೀತಂತ ಯಾರ ಮುಂದೂ ಅನ್ನಂಗಿಲ್ಲ ನಾ. ನನ್ನ ಮಗಳು ಅದು."

"ನನಗ ಗೊತ್ತಿಲ್ರಿ ಅಕ್ಕಾ."

ಅವಳು ಹೇಳಬೇಕಾದದ್ದು ಅದೇ ತಾನೇ. ಗೊತ್ತಿದ್ದರೂ ಅದೇ, ಗೊತ್ತಿಲ್ಲದಿದ್ದರೂ ಅದೇ. ತಿರುಗಿ ಬಂದೆ.

ಪಥ್ಯ ನನಗೆ ಬಾಯಿಪಾಠವಿತ್ತು. ಅತ್ತೆ ಪ್ರತಿಯೊಬ್ಬರಿಗೂ ಹೇಳುವುದನ್ನು ಕೇಳಿ ಕೇಳಿ ಬಂದದ್ದು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಖಾರ ಇಲ್ಲ, ಬದನೆಕಾಯಿ ಇಲ್ಲ. ಅಕ್ಕಿಯ ಗಂಜಿ, ಜೋಳದ ಅಂಬಲಿ, ಬೆಣ್ಣೆ ತೆಗೆದ ಮಜ್ಜಿಗೆ, ಮೂಲಂಗಿ. ಗಾಣದಿಂದ ಆಗತಾನೇ ತಂದ ಕಬ್ಬಿನ ಹಾಲು, ಅದೂ ಶುದ್ಧವಿದ್ದರೆ ಮಾತ್ರ. ಡಾಕ್ಟರರನ್ನು ಕೇಳಿದಾಗ ಕಬ್ಬಿನ ಹಾಲು ಬಿಟ್ಟು ಉಳಿದದ್ದಕ್ಕೆ ಹೂಂ ಎಂದಿದ್ದರು. ಅದನ್ನು ನಾನು ಕೊಡಲಿಲ್ಲ.

ಎರಡನೆಯ ದಿನದಿಂದ ನೆಗೆಣ್ಣಿ ಬೆಳಿಗ್ಗೆ ಒಂದು ಬಟ್ಟಲು ಮಜ್ಜಿಗೆ ತರತೊಡಗಿದಳು. ಮಗಳ ಹಾಸಿಗೆಯ ಹತ್ತಿರ ಕುಳಿತು ತಾನೇ ಕುಡಿಸುತ್ತೇನೆ ಎಂದಳು. ಹೇಳುವಂತಿಲ್ಲ, ಆದರೆ ಕೊಡಬಹುದಲ್ಲ. ಮಜ್ಜಿಗೆಯಲ್ಲಿ ಕಲಸಿ ತಂದಿದ್ದಾಳೆ ಎಂದುಕೊಂಡೆ. ಡಾಕ್ಟರರ ಮಾತೂ ನೆನಪಿತ್ತು. ಬಟ್ಟಲು ಅವಳ ಕೈಯಿಂದ ತೆಗೆದುಕೊಂಡು, ಬಿಸಿನೀರು ಬೆರೆಸಿ ತರುತ್ತೇನೆಂದು ಅಡುಗೆಮನೆಗೆ ಹೋಗಿ ಒಂದು ಗುಟುಕು ಕುಡಿದೆ. ಮದುವೆಯಾದ ಮೊದಲ ವರ್ಷ ನನಗೂ ಕಾಮಣಿ ಆಗಿತ್ತು, ಅತ್ತೆಯ ಔಷಧದ ರುಚಿ ನನ್ನ ನಾಲಗೆಗೆ ಗೊತ್ತು. ಮೊದಲು ಒಗರು, ಆಮೇಲೆ ಗಂಟಲಲ್ಲಿ ಕಹಿ, ಕೊನೆಗೆ ಒಂದು ತಣ್ಣನೆಯ ವಾಸನೆ.

ಬಟ್ಟಲಿನಲ್ಲಿ ಇದ್ದದ್ದು ಮಜ್ಜಿಗೆ ಮತ್ತು ಜೀರಿಗೆ ಪುಡಿ.

ಮಾರನೆಯ ದಿನವೂ ಹಾಗೇ ಮಾಡಿದೆ. ಗುರುವಾರವೂ ಕುಡಿದು ನೋಡಿದೆ, ಗುರುವಾರವಾದರೂ ಇರಬಹುದೆಂದು. ಜೀರಿಗೆ. ರವಿವಾರ ಬೆಳಿಗ್ಗೆ ಬಟ್ಟಲು ಮೂಗಿನ ಹತ್ತಿರ ಹಿಡಿದು ನಿಂತಿದ್ದಾಗ ನೆಗೆಣ್ಣಿ ಬಾಗಿಲಲ್ಲಿ ಬಂದು ನಿಂತಳು.

"ವಿಷ ಹಾಕಿಲ್ರಿ ಅಕ್ಕಾ," ಎಂದಳು.

ಬಟ್ಟಲು ಕೆಳಗಿಟ್ಟೆ. ಅವಳು ಒಳಗೆ ಬಂದು ಮಣೆಯ ಮೇಲೆ ಕುಳಿತಳು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹುಡುಗಿಗೆ ಅತ್ತೀ ಔಷಧ ಯಾಕ ಕೊಡವಲ್ರಿ?"

"ನನಗೆಲ್ಲಿ ಗೊತ್ತೈತಿ? ನೀನ ಕೊಡವಲ್ಲಿ."

"ನಾನ?" ಅವಳು ನನ್ನ ಮುಖವನ್ನೇ ನೋಡಿದಳು. "ಉಗಾರದಾವ ಆರಾಮ ಆಗಲಿಲ್ಲಲ್ರಿ, ಅಷ್ಟೊತ್ತಿಗೆ ನಿಮಗ ಹೇಳಿಬಿಟ್ಟಾರ ಅಂತ ತಿಳಕೊಂಡಿದ್ನಿ. ನೀವು ಬಾಗಲಿಗೆ ಬಂದು ಕೇಳಿದ್ದೂ ಕಟ್ಟಿನ ಸಲುವಾಗಿ ಅಂದ್ಕೊಂಡ್ನಿ. ಮಜ್ಜಿಗಿ ನೆವಾ ಮಾಡಿ ದಿನಾ ಬರತಿದ್ದಿದ್ದು ಅದಕ್ಕ. ನಿಮ್ಮ ಮಗಳಿಗರ ಕೊಡ್ತೀರಲ್ಲ, ಎಲಿ ಹೆಂಗ ಐತಿ ನೋಡೂಣು ಅಂತ."

"ಅವಾ ಉಗಾರದಾವ ಬಸ್‌ಸ್ಟ್ಯಾಂಡಿನ್ಯಾಗ ಭಜಿ ತಿಂದಿರಬೇಕ ಲೇ. ಅತ್ತಿ ಹೇಳಿದ್ದ ಖರೇ," ಎಂದೆ ನಾನು.

ಅವಳು ನಕ್ಕಳು. ನನಗೂ ನಗು ಬಂತು. ಒರಳುಕಲ್ಲಿನ ಸಪ್ಪಳದ ವಿಷಯ ಕೇಳಿದೆ. ಮೈದುನನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದ ದಿನ ಶೇಂಗಾ ಚಟ್ನಿ ಅರೆದಿದ್ದಳಂತೆ. ದವಾಖಾನೆಯ ಮಧ್ಯಾಹ್ನದ ವಿಷಯವನ್ನೂ ಕೇಳಿದೆ. ಅವಳ ನಗು ನಿಂತಿತು.

"ಏನೋ ಬೇಕಾಗಿತ್ರಿ ಅವರಿಗೆ. ಕೈ ಹಿಡದ ಹಿಡದ ಜಗ್ಗತಿದ್ರು. ನೀರೇನೋ ಅಂತ ಚಮಚ ಬಾಯಿಗೆ ಹಚ್ಚಿದ್ನಿ, ಮುಖಾ ತಿರುವಿದ್ರು. ಮೈಮ್ಯಾಲಿನ ಹೊಚ್ಚಗಿ ಸರಿ ಮಾಡಿದ್ನಿ, ಅದೂ ಬ್ಯಾಡ. ನನಗ ತಿಳೀಲಿಲ್ಲ. ನೀವು ಇದ್ದಿದ್ರ ತಿಳೀತಿತ್ತೋ ಏನೋ."

ಒಂದೇ ಅಂಗಳದವಳ ಮೇಲಿನ ಸಂಶಯ ಹೋದರೆ ಹಗುರಾಗಬೇಕು. ನನಗೆ ಹಾಗಾಗಲಿಲ್ಲ. ಅವಳು ಬಚ್ಚಿಟ್ಟಿದ್ದಾಳೆ ಎಂದು ಉರಿಯುತ್ತಿದ್ದಷ್ಟು ದಿನ ಅತ್ತೆಯ ಔಷಧ ಅಂಗಳದ ಆಚೆ ಕಡೆ ಇದ್ದೇ ಇತ್ತು. ಒಂದು ದಿನ ಜಗಳ ಮಾಡಿಯಾದರೂ ಕೇಳಬಹುದಿತ್ತು. ಆ ರವಿವಾರ ಅಡುಗೆಮನೆಯಲ್ಲಿ, ಅದು ಎರಡೂ ಕಡೆ ಇಲ್ಲವೆಂದು ಗೊತ್ತಾದ ಮೇಲೆ, ಮಣ್ಣು ಮಾಡಿದ ದಿನ ಬಾರದ ಅಳು ಬಂತು. ನೆಗೆಣ್ಣಿ ಎದ್ದು ಹೋಗಿ ಮಗಳಿಗೆ ಮಜ್ಜಿಗೆ ಕುಡಿಸಿದಳು.

ಮಗಳ ಕಣ್ಣು ನಿಧಾನವಾಗಿ ಬೆಳ್ಳಗಾದವು. ಅತ್ತೆಯ ಎಲೆ ಇಲ್ಲದೆಯೇ ಆದವು. ಹಾಗಾದರೆ ಅವರ ಹತ್ತಿರ ಬಂದವರೆಲ್ಲ ಬರೀ ಪಥ್ಯದಿಂದ, ಮಲಗಿದ್ದರಿಂದ ಗುಣವಾದರೇ ಎಂಬ ಪ್ರಶ್ನೆ ಬಂತು. ಬೆಳಕು ಹರಿಯುವ ಮೊದಲು ಎದ್ದು, ನೋಯುವ ಮೊಣಕಾಲಿನಲ್ಲಿ ಅಷ್ಟು ದೂರ ನಡೆದು ತಂದ ಎಲೆಯ ಮೇಲೆ ಸಂಶಯ ಪಡಲು ಮನಸ್ಸು ಒಪ್ಪಲಿಲ್ಲ. ಆದರೂ ಪಟ್ಟೆ. ಉತ್ತರ ಸಿಗಲಿಲ್ಲ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಹೊಲಕ್ಕೆ ಹೋದೆವು. ಅತ್ತೆ ಹಳ್ಳದ ಕಡೆಗೆ ಹೋಗುತ್ತಿದ್ದರು ಎಂದು ನಾನು, ಬಾವಿಯ ಕಡೆಗೆ ಎಂದು ಅವಳು. ಇಬ್ಬರೂ ಕಣ್ಣಾರೆ ನೋಡಿದ್ದೆವು. ನಾವು ಹಿಂದೆ ಬರುತ್ತೇವೆಂದೇ ಅವರು ದಾರಿ ಬದಲಿಸುತ್ತಿದ್ದರೆಂದು ಆಗ ಹೊಳೆಯಿತು.

"ನಮ್ಮಿಬ್ಬರ ಮ್ಯಾಲೂ ಸಂಶೇ ಇತ್ತು ಮುದುಕಿಗೆ," ಎಂದಳು ನೆಗೆಣ್ಣಿ.

ಎರಡೂ ಬದು ನೋಡಿದೆವು. ಕಬ್ಬಿನ ಅಂಚಿಗೆ ಬೇಕಾದಷ್ಟು ಹಸಿರು ಇತ್ತು. ಎಲೆ ಕಿತ್ತು ಬೆರಳಲ್ಲಿ ತಿಕ್ಕಿ ಮೂಸಿದೆವು. ಒಂದು ಒಗರು ವಾಸನೆ ಇತ್ತು, ಒಂದು ತಣ್ಣಗಿತ್ತು, ಯಾವುದೂ ಅದೇ ಎಂದು ಹೇಳುವಂತಿರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಬಾಯಿಗೆ ಹಾಕುವ ಧೈರ್ಯ ಇಬ್ಬರಿಗೂ ಇಲ್ಲ. ಕೈ ತೊಳೆದುಕೊಂಡು ಬಂದೆವು.

ಈಗಲೂ ಒಮ್ಮೊಮ್ಮೆ ಜನ ಬರುತ್ತಾರೆ. ಮೊದಲು ದವಾಖಾನೆಗೆ ಹೋಗಿ ರಕ್ತ ತೋರಿಸಿರಿ ಎನ್ನುತ್ತೇವೆ. ಕಟ್ಟೆಯ ಮೇಲೆ ಕೂರಿಸಿ ಪಥ್ಯ ಹೇಳುತ್ತೇವೆ, ನಾನು ಮರೆತದ್ದನ್ನು ಅವಳು ಹೇಳುತ್ತಾಳೆ. ಪಥ್ಯ ಪೂರ್ತಿ ಗೊತ್ತಿದೆ. ಎರಡನೆಯ ಎಲೆ ಯಾವುದೆಂದು ಗೊತ್ತಿಲ್ಲ. ಅದನ್ನು ನಮ್ಮಿಬ್ಬರಲ್ಲಿ ಯಾರಿಗೆ ಹೇಳಬೇಕೆಂದು ಅವರ ಮನಸ್ಸಿನಲ್ಲಿತ್ತು ಎಂಬುದೂ ಗೊತ್ತಿಲ್ಲ.