ಹುಣಸೆ ಬೀಜದಲ್ಲಿ ಕಲಿತ ಅಣುವಿಜ್ಞಾನ

ಆ ದಿನಗಳಲ್ಲಿ ಶನಿವಾರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಸೆರಿಟೋಸಿನ ನಮ್ಮ ಮನೆಯಲ್ಲಿ ಮಕ್ಕಳಿಗೆ ತಟ್ಟೆ ಇರುತ್ತಿರಲಿಲ್ಲ. ಅಮ್ಮ ದೊಡ್ಡ ಬೋಗುಣಿಯಲ್ಲಿ ಹುಳಿಯನ್ನ ಕಲಸಿ, ಧಾರಾಳವಾಗಿ ತುಪ್ಪ ಸುರಿದು ನೆಲದ ಮೇಲೆ ಕೂರುತ್ತಿದ್ದಳು. ನಾನೂ ತಮ್ಮನೂ ಎದುರಿಗೆ ಕೈಯೊಡ್ಡಬೇಕು. ಅಂಗೈಗೆ ಬಿದ್ದ ತುತ್ತನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಅದರೊಳಗೆ ಇನ್ನಷ್ಟು ಹುಳಿ ತುಂಬುತ್ತಿದ್ದಳು. ಎಂಟನೇ ತರಗತಿಗೆ ಬಂದಮೇಲೂ ನನಗೆ ಕೈತುತ್ತು ತಿನ್ನಲು ನಾಚಿಕೆಯಿರಲಿಲ್ಲ.

ಅದು ಕೊರೊನಾ ನಂತರ ಶಾಲೆ ತೆರೆದ ವರ್ಷ. ಅಮ್ಮನ ಥೈರಾಯ್ಡಿಗೆ ಡಾಕ್ಟರು ವಿಕಿರಣವಿರುವ ಅಯೋಡಿನ್ ಮಾತ್ರೆ ಕೊಟ್ಟು, ಕೆಲವು ದಿನ ಎಲ್ಲರಿಂದ ದೂರವಿರಲು ಹೇಳಿದರು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಕೂಡಲೇ ಕಾರುಬಾರು ಕೈಗೆತ್ತಿಕೊಂಡರು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಒಗೆತ. ಆಸ್ಪತ್ರೆಯ ಕಾಗದದಲ್ಲೂ ಹೆಚ್ಚುಕಮ್ಮಿ ಅದೇ ಇತ್ತು. ಮೈಲಿಗೆಯ ಶಾಸ್ತ್ರ ಅಮೆರಿಕಕ್ಕೂ ಗೊತ್ತಾಯಿತಲ್ಲ ಎಂದು ಅಜ್ಜಿ ಬೀಗಿದರು.

ಡಾಕ್ಟರ ಗಡುವು ಮುಗಿದು ಅಮ್ಮ ಮಹಡಿಯ ಕೋಣೆಯಿಂದ ಕೆಳಗಿಳಿದು ಬಂದಳು. ಅಜ್ಜಿಯ ಗಡುವು ಮುಗಿಯಲಿಲ್ಲ. ಸ್ನಾನ ಮಾಡಿದರೆ ಹೋಗಲು ಇದೇನು ಸೂತಕವೇ ಎಂಬುದು ಅವರ ವಾದ. ನಾನೂ ಕಡಿಮೆಯಿರಲಿಲ್ಲ. ಸ್ಯಾನ್ ಡಿಯಾಗೋ ದಾರಿಯಲ್ಲಿ ಸಮುದ್ರದಂಚಿನ ಅಣುಸ್ಥಾವರದ ಗುಮ್ಮಟ ಕಂಡರೆ ದಾಟುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದವಳು ನಾನು. ಆ ಶನಿವಾರ ಅಮ್ಮ ತುತ್ತು ಹಿಡಿದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಟ್ಟೆ ಚಮಚ ಕೇಳಿದೆ. ತಮ್ಮನೂ ಹಾಗೇ ಮಾಡಿದ. ಅಮ್ಮ ತುತ್ತನ್ನು ಮತ್ತೆ ಬೋಗುಣಿಗೆ ಹಾಕಿ, ತಟ್ಟೆ ತರಲು ಎದ್ದಳು.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ದಿನ ವಿಜ್ಞಾನದ ಟೀಚರು ಅಣುವಿನ ಪಾಠ ಶುರುಮಾಡಿದರು. ಮುಖ ಕೆಂಪಾಗಿಸಿಕೊಂಡು ಕೈಯೆತ್ತಿ, ಅಮ್ಮನ ಮಾತ್ರೆಯ ಬಗ್ಗೆ ಕೇಳಿದೆ. ಅದು ಜ್ವರದಂತೆ ಹರಡುವುದಿಲ್ಲ, ಎಂಟೆಂಟು ದಿನಕ್ಕೆ ಅರ್ಧರ್ಧ ಕರಗುತ್ತದೆ, ದೇಹವೂ ಅದನ್ನು ಹೊರಹಾಕುತ್ತಿರುತ್ತದೆ, ಅಮ್ಮನಲ್ಲಿ ಈಗ ಹೆದರುವಂಥದ್ದೇನೂ ಉಳಿದಿಲ್ಲ ಎಂದರು ಟೀಚರು.

ಅಲ್ಪವಿದ್ಯೆಯ ಮಹಾಗರ್ವದಲ್ಲಿ ಮನೆಗೆ ಬಂದವಳೇ ಅಜ್ಜಿಯ ಚೌಕಾಬಾರದ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಒಂದು ಬದಿ ತಿಕ್ಕಿ ಬಿಳಿ ಮಾಡಿದ ಹುಣಸೆ ಬೀಜಗಳು, ಅರವತ್ತರಷ್ಟು. ಒಂದೊಂದು ಬೀಜ ಮಾತ್ರೆಯ ಒಂದೊಂದು ಅಣು, ಒಂದು ಎಸೆತವೆಂದರೆ ಎಂಟು ದಿನ. ಬಿಳಿ ಬಿದ್ದವು ಕರಗಿದ ಲೆಕ್ಕ. ಅಜ್ಜಿ ಎಸೆದರು, ನಾನು ಬಿಳಿಯವನ್ನು ಆರಿಸಿ ತೆಗೆದೆ, ಉಳಿದವನ್ನು ಅಜ್ಜಿ ಮತ್ತೆ ಎಸೆದರು. ಏಳನೇ ಎಸೆತಕ್ಕೆ ಚಾಪೆ ಖಾಲಿಯಾಯಿತು.

"ಎಂಟೇಳ್ಲ ಐವತ್ತಾರು," ಎಂದು ಅಜ್ಜಿ ಮಗ್ಗಿ ಹೇಳಿಕೊಂಡರು. "ಆಗ್ಲೇ ಮೂರು ತಿಂಗಳಾಯ್ತಲ್ಲೇ."

ಆ ಶನಿವಾರ ಅಜ್ಜಿ ಮಂಡಿನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು, ಸೊಸೆಯ ಮುಂದೆ ಕೈಯೊಡ್ಡಿದರು. "ತಪ್ಪು ನಂದು. ಮೊದಲು ನಂಗೇ ಕೊಡಮ್ಮ."

ಅಮ್ಮ ಕಣ್ಣೊರೆಸಿಕೊಂಡು ಕೊಟ್ಟಳು. ಆಮೇಲೆ ನನ್ನತ್ತ ತಿರುಗಿ, ತುತ್ತು ಹಿಡಿದ ಕೈ ಮುಂದೆ ಮಾಡದೆ, "ನಿಂಗೂ ಕೊಡ್ಲಾ?" ಎಂದಳು.

ಈಗ ನಾನು ಸ್ಯಾನ್ ಡಿಯಾಗೋದಲ್ಲಿ ಕಾಲೇಜು ಓದುತ್ತಿದ್ದೇನೆ. ಮನೆಗೆ ಹೋದಾಗಲೆಲ್ಲ ಅಮ್ಮ ಹುಳಿಯನ್ನ ಕಲಸುತ್ತಾಳೆ. ನಾನು ಮೊದಲೇ ಅಂಗೈ ಚಾಚಿ ಕೂತಿರುತ್ತೇನೆ. ಆದರೂ ಅವಳು ಒಂದು ಕ್ಷಣ ತಡೆದು ಕೇಳುತ್ತಾಳೆ, "ಕೊಡ್ಲಾ?" ಮಾತ್ರೆಯ ವಿಷ ಎಂದೋ ಕರಗಿತು. ಕೇಳದೆ ತುತ್ತಿಡುತ್ತಿದ್ದ ಆ ಅಮ್ಮ ಮಾತ್ರ ಮತ್ತೆ ಸಿಗಲಿಲ್ಲ.