ಮೂರು ಬೆರಳು ಬಾಗಿದ ಗೋಡೆ

ಅಜ್ಜನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಹುಡುಗಾಟದ ವಯಸ್ಸಿನಿಂದ ಸುಣ್ಣದ ಗಾರೆ ಕಲಸಿ ಕಲಸಿ ಹೆಬ್ಬೆರಳಿನ ತುದಿ ಕೂಡ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ ಬರೀ ಒಂದು ನೀಲಿ ಮಚ್ಚೆ. “ಇದು ಯಾರದರ ಇರಬಹುದಲ್ಲೋ ಅಜ್ಜಾ” ಎಂದು ಅಂಗಡಿಯವನು ಕಾಡಿದರೆ, “ನಂದಲ್ಲಂತ ನೀ ತೋರಿಸು, ಅಕ್ಕಿ ಬಿಟ್ಟು ಹೊಕ್ಕೇನಿ” ಎನ್ನುತ್ತಿದ್ದರಂತೆ.

ಖಾನಾಪುರದ ಕಡೆಯ ಬೀಡಿ ಎಂಬ ಹಳ್ಳಿ ಅವರ ಊರು. ಬೆಳಗಾವಿಯಲ್ಲಿ ಯಾರದೇ ಹಳೆ ಮನೆಯ ರಿಪೇರಿ ಬಂದರೂ ಅವರಿಗೇ ಹೇಳಿಕಳಿಸುತ್ತಿದ್ದರು. ಗೋಡೆ ಕಟ್ಟುವ ಗೌಂಡಿಯಾದ್ದರಿಂದ ನಾವೆಲ್ಲ ಗೌಂಡಿ ಅಜ್ಜ ಎನ್ನುತ್ತಿದ್ದೆವು. ಎಡಗಣ್ಣಿಗೆ ಪೊರೆ ಬಂದಿತ್ತು. ಅದರ ಚಿಂತೆ ಅವರಿಗಿರಲಿಲ್ಲ. ಗೋಡೆಯ ಮುಂದೆ ಹೋದರೆ ಮೊದಲು ಚಪ್ಪಲಿ ಬಿಡುವರು, ಅಂಗೈಯಿಂದ ಮೆಲ್ಲಗೆ ತಟ್ಟುವರು, ಆಮೇಲೆ ಕಿವಿ ಹಚ್ಚುವರು. “ಗ್ವಾಡಿ ತಾನಽ ಹೇಳತೈತಿ. ನಾವು ಬಾಯಿ ಮುಚ್ಚಬೇಕು, ಅಷ್ಟ.”

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಕಳೆದಿತ್ತು. ನಾನು ಬೆಳಗಾವಿಯ ಒಂದು ಎಂಜಿನಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮನೆಯಲ್ಲಿ ಎರಡು ತಿಂಗಳ ಕೂಸು. ಊರಿನ ಕ್ಯಾಂಪ್ ಬಡಾವಣೆಯಲ್ಲಿದ್ದ ಹಳೆಯ ಬಂಗಲೆಯೊಂದನ್ನು ದವಾಖಾನೆ ಮಾಡುವ ಕೆಲಸ ನಮಗೆ ಬಂತು. ಅದರ ಒಡತಿ ನಿವೃತ್ತ ಡಾಕ್ಟರು, ಊರವರೆಲ್ಲ ಗೌರವದಿಂದ ‘ಡಾಕ್ಟರ್ ಬಾಯಿ’ ಎನ್ನುತ್ತಿದ್ದರು. ಕೆಡವಿ ಸಿಮೆಂಟಿನಲ್ಲಿ ಕಟ್ಟಿಸಿರಿ ಎಂದು ಎಲ್ಲರೂ ಹೇಳಿದರೂ ಅವರು ಒಪ್ಪಲಿಲ್ಲ. “ಇದ್ದದ್ದು ಒಡದು, ಮತ್ತ ಗುಡ್ಡಾ ಒಡದು ಕಲ್ಲು ತರೂದು ಎಲ್ಲೀ ಶಾಣ್ಯಾತನ? ಎಷ್ಟು ಉಳೀತೈತಿ ಅಷ್ಟು ಉಳಸ್ರಿ.”

ಹಳೆಯದನ್ನು ಉಳಿಸಬೇಕಾದರೆ ಮೊದಲು ಸರಿಯಾಗಿ ಅಳೆಯಬೇಕು. ನಾನು ನಮ್ಮ ಆಫೀಸಿನ ಸಾಹೇಬರ ಬೆನ್ನು ಬಿದ್ದು ಪುಣೆಯಿಂದ ಲೇಸರ್ ಸ್ಕ್ಯಾನರ್ ತರಿಸಿದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತು ಅದು ಸುತ್ತಲೂ ಬೆಳಕು ಹಾಯಿಸಿ, ಇಡೀ ಬಂಗಲೆಯನ್ನು ಲಕ್ಷಾಂತರ ಚುಕ್ಕೆಗಳಾಗಿ ಕಂಪ್ಯೂಟರಿನಲ್ಲಿ ಮೂಡಿಸಿತು. ಮೇಲೆ ಗಾರೆ ಬಳಿಯದ, ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆಯಾದ್ದರಿಂದ ಒಂದೊಂದು ಕಲ್ಲಿನ ಅಂಚೂ ಕಾಣುತ್ತಿತ್ತು. ಅಜ್ಜ ಒಳ್ಳೆಯ ಕಣ್ಣನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ನೋಡಿದರು.

“ಛಲೋ ಚುಕ್ಕಿ ಇಟ್ಟೈತಿ. ರಂಗೋಲಿ ಯಾರು ಹಾಕವರು?”

“ಅದೂ ಅದಽ ಹಾಕತೈತ್ರಿ ಅಜ್ಜಾರ” ಎಂದೆ, ಗತ್ತಿನಿಂದ.

“ಹಂಗಾರ ನೀ ಊಟಾ ಮಾಡಿ ಮಕ್ಕೋ” ಎಂದು ನಕ್ಕರು.

ಆ ವಾರ ಬಸುರಿ ಮೊಮ್ಮಗಳ ಕುಬಸದ ಕಾರ್ಯಕ್ಕೆಂದು ಅವರು ಬೀಡಿಗೆ ಹೋದರು. ರಿಪೇರಿಗಾಗಿ ಬಂಗಲೆಯ ಹೆಂಚು ಆಗಲೇ ಇಳಿಸಿಯಾಗಿತ್ತು. ನಾನು ಚಿತ್ರ ನೋಡುತ್ತ ಕೂತಿದ್ದಾಗ ಪಡುವಣ ಗೋಡೆಯ ತಲೆ, ಬುಡಕ್ಕಿಂತ ಮೂರು ಬೆರಳು ಒಳಕ್ಕೆ ಬಾಗಿದ್ದು ಕಂಡಿತು. ಗೋಡೆ ವಾಲಿದೆ, ಇವತ್ತೋ ನಾಳೆಯೋ ಬೀಳುತ್ತದೆ ಎಂದುಕೊಂಡೆ. ಕೆಡವಿರಿ ಎಂದೆ. ಅಜ್ಜನ ಕೈಕೆಳಗಿನ ಆಳುಗಳು ಹಾರೆ ಎತ್ತಲಿಲ್ಲ. “ಅಜ್ಜ ಬರ್ಲಿ ತಡೀರಿ ಸಾಹೇಬ್ರ, ನಾಡದ ಬರ್ತಾನ” ಎಂದರು. “ಮಷೀನ್ ಸುಳ್ಳು ಹೇಳಂಗಿಲ್ಲ” ಎಂದು ನಾನೇ ಮೊದಲ ಕಲ್ಲು ಉರುಳಿಸಿದೆ. ಆಮೇಲೆ ಅವರೂ ಒಲ್ಲದ ಮನಸ್ಸಿನಿಂದ ಕೈ ಹಚ್ಚಿದರು.

ಮೂರನೆಯ ದಿನ ಅಜ್ಜ ಬಸ್ಸಿಳಿದು ಬಂದರು, ಒಂದು ಕೈಯಲ್ಲಿ ಕುಬಸದ ಬುತ್ತಿ. ಗೋಡೆಯಿದ್ದಲ್ಲಿ ಕಲ್ಲಿನ ಗುಡ್ಡೆ. ಬುತ್ತಿ ಕೆಳಗಿಟ್ಟು, ಒಂದು ಕಲ್ಲೆತ್ತಿ ಅದರ ಅಂಚು ಸವರಿದರು.

“ವಾಲಿತ್ತರಿ ಅಜ್ಜಾರ.”

“ವಾಲಿರಲಿಲ್ಲೋ ತಮ್ಮಾ. ಹಂಚಿನ ಭಾರ ಗ್ವಾಡಿನ ಹೊರಗ ನೂಕತೈತಿ. ಅದಕ್ಕ ಕಟ್ಟೂಮುಂದಽ ಮೂರು ಬಟ್ಟು ಒಳಗ ಬಗ್ಗಿಸಿ ಕಟ್ತಿದ್ದರು ನಮ್ಮ ಹಿರ್ಯಾರು. ಗಂಡ ಜಗ್ಗಿದರ ಹೆಂಡತಿ ತಡಕೊಂಡಂಗ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಡಾಕ್ಟರ್ ಬಾಯಿಯವರ ಕಾರು ಬಂತು. “ಯಾರು ಕೆಡವ್ರಿ ಅಂದವರು?” ಎಂದು ಅಲ್ಲಿಂದಲೇ ಚೀರಿದರು. ಮನೆಯ ಕೂಸು ನೆನಪಾಯಿತು. ಕೆಲಸ ಹೋಯಿತು ಎಂದೇ ತಿಳಿದೆ. ಅಜ್ಜ ಒಮ್ಮೆ ಆಳುಗಳ ಕಡೆ ನೋಡಿದರು. ಅವರೆಲ್ಲ ತಲೆ ತಗ್ಗಿಸಿದರು.

“ನಾನಽ ಹೇಳಿ ಹೋಗಿದ್ದೆರಿ ಬಾಯಾರ. ಕಣ್ಣಾಗ ಪೊರಿ, ಸರಿಯಾಗಿ ಕಾಣಲಿಲ್ಲ. ತಪ್ಪಾತ್ರಿ. ಇದಽ ಕಲ್ಲೀಲೆ ತಿರುಗಿ ಎಬ್ಬಿಸಿ ಕೊಡ್ತೇನಿ.”

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಡಾಕ್ಟರ್ ಬಾಯಿಯವರು ಹೋದ ಮೇಲೆ “ಯಾಕ್ರಿ ಅಜ್ಜಾರ?” ಎಂದೆ. “ನಿನ್ನ ಮುಂದ ಇನ್ನೂ ಭಾಳ ಮನಿ ಅದಾವು. ನಂದೇನು, ಸಂಜಿ ಆತು. ನಾಳೆ ಆ ಚುಕ್ಕಿ ಚಿತ್ರಾ ತಗೊಂಡು ಬಾ. ಈಗ ಹೋಳಿಗಿ ತಿನ್ನು.”

ಮರುದಿನದಿಂದ ನಾನು ಚಿತ್ರದಲ್ಲಿ ನೋಡಿ ಒಂದೊಂದು ಕಲ್ಲಿನ ಉದ್ದ ಎತ್ತರ ಕೂಗುತ್ತಿದ್ದೆ. ಅಜ್ಜ ಗುಡ್ಡೆಯಲ್ಲಿ ಗೇಣು ಹಾಕಿ ಅದನ್ನು ಹುಡುಕುತ್ತಿದ್ದರು. ಮಳೆಗೆ ಮುಖವೊಡ್ಡಿದ ಬದಿ ಯಾವುದೆಂದು ಕೈಗೆ ತಿಳಿಯುತ್ತಿತ್ತು. ಹೊಸ ಕಲ್ಲು ಹತ್ತು ಕೂಡ ಬೇಕಾಗಲಿಲ್ಲ. ಗೋಡೆ ಮತ್ತೆ ಎದ್ದಿತು, ಮೂರು ಬೆರಳು ಬಾಗಿಕೊಂಡೇ. ನನ್ನ ಮಷೀನು ಯಾವುದಕ್ಕೆಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಈಗಲೂ ಅದೇ ವಿದ್ಯೆಯಿಂದ ಅನ್ನ ತಿನ್ನುತ್ತಿದ್ದೇನೆ.

ಆದರೆ ಊರಿನ ಬಾಯಿಗೆ ಗೋಡೆ ಎದ್ದದ್ದು ಬೇಕಿರಲಿಲ್ಲ, ಬಿದ್ದದ್ದು ಸಾಕಾಗಿತ್ತು. ಗೌಂಡಿಗೆ ಹೆಸರು ಹೋದರೆ ಕೈ ಹೋದ ಹಾಗೆ. ಕೂಲಿಗಾಗಿ ಆಳುಗಳು ಸೇರುವ ರಸ್ತೆಯ ನಾಕಾದಲ್ಲಿ ಬೇರೆ ಮೇಸ್ತ್ರಿಗಳು “ಪೊರಿ ಗೌಂಡಿ ಬಂದ, ಗ್ವಾಡಿ ಜ್ವಾಕಿ!” ಎಂದು ನಗುತ್ತಿದ್ದರು. ಕೋಟೆಯೊಳಗಿನ ಹಳೆ ಮನೆಯೊಂದರ ಕೆಲಸ ಅವರಿಗೇ ಎಂದು ಮಾತಾಗಿತ್ತು, ಬೇರೆಯವರಿಗೆ ಹೋಯಿತು. ಆದರೂ ಒಂದು ದಿನ ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಗೋಡೆಗೆ ಕೈ ಇಡಲು ಹೋದರಂತೆ. “ದೂರ ನಿಂದರು ಅಜ್ಜಾ” ಎಂದು ಅಲ್ಲಿಯವರು ಅಂದರಂತೆ. ಅವತ್ತು ಬೀಡಿಗೆ ಹೋದವರು ಮತ್ತೆ ಬೆಳಗಾವಿಗೆ ಬರಲಿಲ್ಲ.

ಎರಡು ಮಳೆಗಾಲವೂ ಕಳೆಯಲಿಲ್ಲ, ತೀರಿಕೊಂಡರೆಂದು ಸುದ್ದಿ ಬಂತು. ಬಾಯಿಯವರ ಕಾರಿನಲ್ಲೇ ನಾನೂ ಹೋದೆ. ಅಜ್ಜನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಬಾಯಿಯವರು ಅಜ್ಜನ ಹೆಂಡತಿ ಅಜ್ಜಿಯ ಕೈ ಹಿಡಿದು ಅತ್ತರು. “ಭಾಳ ದೊಡ್ಡ ಮನಷ್ಯಾ. ಕಡೀಕ ಕಣ್ಣು ಮೋಸಾ ಮಾಡಿ ಒಂದು ತಪ್ಪಾತು, ಅಷ್ಟ.”

ಅಜ್ಜಿ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ನಾನು ಈಗಲಾದರೂ ಹೇಳುತ್ತೇನೇನೋ ಎಂಬಂತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೌದ್ರಿ ಬಾಯಾರ, ತಪ್ಪಾತ್ರಿ” ಎಂದರು.

ಈಗ ಬಾಯಿಯವರೂ ಇಲ್ಲ, ಅಜ್ಜಿಯೂ ಇಲ್ಲ. ಕೇಳಬೇಕಾದವರೆಲ್ಲ ಹೋದ ಮೇಲೆ ಹೇಳುತ್ತಿದ್ದೇನೆ: ಆ ಗೋಡೆ ಕೆಡವಿಸಿದವನು ನಾನು. ಗೌಂಡಿ ಅಜ್ಜ ಅವತ್ತು ಊರಲ್ಲೇ ಇರಲಿಲ್ಲ.