ಮೂರನೆಯ ಮೆಟ್ಟಿಲಿನ ವಾಕ್ಯ

ಒದ್ದೆ ಬಟ್ಟೆಯನ್ನು ಕಲ್ಲಿಗೆ ಎತ್ತಿ ಬಡಿಯುವ ಸದ್ದು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಮೊನ್ನೆ ಕರಿಘಟ್ಟದ ಬುಡದಲ್ಲಿ ಬಸ್ಸಿಳಿದಾಗ ಲೋಕಪಾವನಿ ಹೊಳೆಯ ಕಡೆಯಿಂದ ಕೇಳಿಸಿತು. ಎಂಟಕ್ಕೆ ತಿಂಡಿ, ಹತ್ತಕ್ಕೆ ಪತ್ರಿಕೆ ಎಂದು ಗಡಿಯಾರಕ್ಕೆ ಕಟ್ಟಿಕೊಂಡು ಬದುಕುವವಳಾದ ನಾನು ಅರ್ಧ ಗಂಟೆ ರಸ್ತೆಬದಿಯಲ್ಲೇ ನಿಂತುಬಿಟ್ಟೆ. ಆ ಹೊಳೆಯ ದಂಡೆಯಲ್ಲಿ ನಮ್ಮ ಮನೆಯಿತ್ತು. ಈಗ ಮನೆಯಿಲ್ಲ, ಮನೆಯವರೂ ಇಲ್ಲ; ನೀರಿಗಿಳಿಯುವ ಮೂರು ಮೆಟ್ಟಿಲು ಮಾತ್ರ ಹೂಳಿನಿಂದ ತಲೆಯೆತ್ತಿವೆ.

ನನ್ನ ತಾತ ನಿವೃತ್ತ ಮೇಷ್ಟ್ರು. ಹೊಳೆಯ ನೀರು ಕುಡಿಯುವವರು ಮೊದಲು ಹೊಳೆಯ ಇಂಗ್ಲಿಷ್ ಕಲಿಯಬೇಕು ಎಂಬುದು ಅವರ ಹಟ. ಹಳೆಯ ನಿಘಂಟಿನಿಂದ ‘ಸ್ಟ್ರೀಮ್’ ಸೇರಿದ ಪದ, ನುಡಿಗಟ್ಟುಗಳನ್ನೆಲ್ಲ ಹೆಕ್ಕಿ ಹಿಂದಿನ ಸಂಜೆ ಒಂದೊಂದನ್ನೇ ಕಲಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ನಾನೂ ದೊಡ್ಡಪ್ಪನ ಮಗ ಶಿವಣ್ಣನೂ ದಂಡೆಯ ಮೇಲೆ ಒಪ್ಪಿಸಬೇಕು. ಪದ ಹೇಳಿದರೆ ಮೊದಲ ಮೆಟ್ಟಿಲು, ಅರ್ಥ ಹೇಳಿದರೆ ಎರಡನೆಯದು, ಸ್ವಂತ ವಾಕ್ಯ ಕಟ್ಟಿದರೆ ಮೂರನೆಯದು, ಆಮೇಲೆ ನೀರು. ಮೊದಲು ನೀರು ಮುಟ್ಟಿದವರಿಗೆ ಹೆಂಚಿನ ಮೊದಲ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ. ‘ಡೌನ್‌ಸ್ಟ್ರೀಮ್’ ದಿನ ತಾತ ಕಾವೇರಿಯ ಕಡೆಗೆ ಕೋಲು ಚಾಚಿದ್ದರು. ‘ಗೋ ವಿತ್ ದ ಸ್ಟ್ರೀಮ್’ ದಿನ ಒಣಗಿದ ಗರಿಯೊಂದನ್ನು ನೀರಿಗೆ ಬಿಟ್ಟು, ‘ಎಲ್ರೂ ಓದ ಕಡೆ ಓಗೋದು ಅಂದ್ರೆ ಇಂಗೆ ಕಣ್ಲಾ’ ಎಂದಿದ್ದರು.

ಮೂರನೆಯ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ತಾತನ ಕಿರಿಮಗಳು, ನನ್ನ ಪುಟ್ಟತ್ತೆ, ಬಟ್ಟೆ ಒಗೆಯುತ್ತಿದ್ದಳು. ಆಗ ಅವಳಿಗೆ ಹದಿನಾರು. ಮೈನೆರೆದಳೆಂದು ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರು. ನನಗೆ ಒಂಬತ್ತು. ಓದಿನಲ್ಲಿ ಮಂಕಾಗಿದ್ದ ಶಿವಣ್ಣ ದಿನವೂ ಮೊದಲ ರೊಟ್ಟಿ ತಿನ್ನತೊಡಗಿದಾಗ ನನಗೆ ಅನುಮಾನ ಬಂತು. ಕಿವಿಗೊಟ್ಟು ಕೇಳಿದೆ. ಬಟ್ಟೆ ಬಡಿಯುವ ಸದ್ದಿನ ಮರೆಯಲ್ಲಿ ಅತ್ತೆ ಅವನಿಗೆ ಅರ್ಥವನ್ನು ಪಿಸುಗುಟ್ಟುತ್ತಿದ್ದಳು. ತಾತನ ಕಿವಿ ಮಂದ.

‘ತಾತ, ಅತ್ತೆ ಏಳ್ಕೊಡ್ತಾವ್ಳೆ!’ ಎಂದು ಕೂಗಿಬಿಟ್ಟೆ.

ತಾತ ನಕ್ಕರು. ‘ಇವ್ಳಿಗೇನ್ ಬತ್ತದೆ? ಏಳವ್ವ, ನೋಡವ.’ ಅತ್ತೆ ಸೀರೆ ಹಿಂಡಿ ಕಲ್ಲಿನ ಮೇಲಿಟ್ಟು, ಎದ್ದು ನಿಂತು, ಅಷ್ಟೂ ದಿನದ ಪದಗಳನ್ನು ಅರ್ಥ, ವಾಕ್ಯ ಸಮೇತ ಒಂದೂ ತಪ್ಪದೆ ಹೇಳಿದಳು. ‘ಅಗೇನ್ಸ್ಟ್ ದ ಸ್ಟ್ರೀಮ್’, ಅಂದರೆ ಹರಿವಿಗೆ ಎದುರಾಗಿ, ಎಂಬುದಕ್ಕೆ ಅವಳು ಕಟ್ಟಿದ ವಾಕ್ಯ ಕೇಳಿ ನಾನು ಬಾಯಿ ತೆರೆದುಕೊಂಡು ನಿಂತೆ. ತಾತ ಹೆಮ್ಮೆಪಡುತ್ತಾರೆ ಎಂದುಕೊಂಡೆ. ಅವರ ಮುಖ ಬಿಳಿಚಿಕೊಂಡಿತು. ‘ನಾಳೆಯಿಂದ ಬಾವಿತಾವೇ ಒಗ್ದ್ಕೊ’ ಎಂದು ಕೋಲೂರಿಕೊಂಡು ಹತ್ತಿ ಹೋದರು. ಅಂದು ಮೊದಲ ರೊಟ್ಟಿ ನನ್ನದಾಯಿತು.

ಅದೇ ವರ್ಷ ಅತ್ತೆಯನ್ನು ನಾಗಮಂಗಲದ ಕಡೆಗೆ ಕೊಟ್ಟರು. ಮದುವೆಯ ಚಪ್ಪರದಡಿ ಶಿವಣ್ಣ ನನ್ನ ಕಿವಿ ಹಿಂಡಿ ಹೇಳಿದ: ಅರ್ಥ ಹೇಳಿಕೊಟ್ಟದ್ದಕ್ಕೆ ಬದಲಾಗಿ ಅವನು ತನ್ನ ಪುಸ್ತಕಗಳನ್ನು ಅವಳಿಗೆ ಕೊಡುತ್ತಿದ್ದ, ಯುಗಾದಿಯಂದು ತಾತನ ಕಾಲಿಗೆ ಬಿದ್ದು, ಅತ್ತೆ ನಮ್ಮ ಮನೆಯಲ್ಲೇ ಇದ್ದು ಓದಿ ಎಸ್ಸೆಸ್ಸೆಲ್ಸಿ ಕಟ್ಟಲಿ ಎಂದು ಕೇಳುವವನಿದ್ದ. ಯುಗಾದಿಗೆ ಇಪ್ಪತ್ತು ದಿನ ಮೊದಲು ನಾನು ಬಾಯಿ ಬಿಟ್ಟಿದ್ದೆ. ಮುಂದೆ ನಾನೇ ಇಂಗ್ಲಿಷ್ ಟೀಚರಾದೆ. ಅತ್ತೆ ಎಂದೂ ಆ ಮಾತೆತ್ತಲಿಲ್ಲ. ಮರೆತಿದ್ದಾಳೆ ಎಂದು ನಾನು ನಂಬಿಕೊಂಡೆ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಿದ್ದೆ. ಹಳ್ಳಿಯ ಮುದುಕಿಗೆ ತಿಳಿಯಬಾರದೆಂದು ಎಳೆಯ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ನಂಜು ‘ಬ್ಲಡ್‌ಸ್ಟ್ರೀಮ್’ ಸೇರಿದೆ, ಹೆಚ್ಚು ದಿನವಿಲ್ಲ. ಅವರು ಹೋದ ಮೇಲೆ, ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದಳು:

‘ಬ್ಲಡ್‌ಸ್ಟ್ರೀಮ್. ಮೈಯೊಳ್ಗೆ ಓಡೋ ರಕ್ತ. ಎಲ್ಡು ಮೆಟ್ಲಾಯ್ತು. ವಾಕ್ಯ ನೀನೇಳು ಮಗ.’

ಬದುಕಿಡೀ ಇಂಗ್ಲಿಷ್ ವಾಕ್ಯಗಳನ್ನೇ ತಿದ್ದಿದವಳಿಗೆ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಅವಳು ಕಾದಳು. ಆಮೇಲೆ ನನ್ನ ಕೈ ತಡವಿ, ‘ಓಗ್ಲಿ ಬುಡು, ರೊಟ್ಟಿ ನೀನೇ ತಿನ್ನು’ ಎಂದು ನಕ್ಕಳು.

ಅದಾಗಿ ಐದನೆಯ ದಿನ ಹೋದಳು. ಅವಳ ತಿಥಿ ಮುಗಿಸಿ ಬಂದ ದಿನವೇ, ಮೊನ್ನೆ, ಬಟ್ಟೆ ಬಡಿಯುವ ಆ ಸದ್ದು ಕೇಳಿದ್ದು. ಹೊಳೆಗಿಳಿದೆ. ಒಗೆಯುತ್ತಿದ್ದಾಕೆ ನನಗೆ ದಾರಿ ಬಿಟ್ಟು ಸರಿದಳು. ಎರಡನೆಯ ಮೆಟ್ಟಿಲಿನವರೆಗೆ ಹೋಗಿ ನಿಂತೆ.